ಉಳ್ಳಾಗಡ್ಡಿ ಮನೆತನ

ನನ್ನ ತವರಿನ ಅಡ್ಡಹೆಸರು ಮೆಣಸಿನಕಾಯಿ, ಗಂಡನ ಮನೆಯದು ಉಳ್ಳಾಗಡ್ಡಿ. ಧಾರವಾಡದಲ್ಲಿ ನಮ್ಮ ಮದುವೆಗೆ ಬಂದ ಮಂದಿ, "ಇನ್ನ ರೊಟ್ಟಿ ಮನೆತನದವರು ಒಬ್ರು ಬಂದ್ರ ಊಟ ಆದಂಗ" ಅಂತ ಚ್ಯಾಷ್ಟಿ ಮಾಡಿದ್ದೇ ಮಾಡಿದ್ದು. ನಮ್ಮ ಕಡೆ ಇಂಥ ಹೆಸರಿಗೆ ಯಾರೂ ಹುಬ್ಬೇರಿಸುವುದಿಲ್ಲ. ಹಿರಿಯರು ಏನು ಬೆಳೆದರೋ ಏನು ಮಾರಿದರೋ, ಅದೇ ಮನೆಗೆ ಹೆಸರು. ಇಲ್ಲಿ ಸ್ವೀಡನ್ನಿನ ಉಪ್ಸಾಲಾದಲ್ಲಿ ಕನ್ನಡದವರು ಸೇರಿದಾಗ, ಬೆಂಗಳೂರಿನವರ ನಡುವೆ, ನಾನೂ ನಾಲಿಗೆ ತಿದ್ದಿಕೊಂಡು 'ಈರುಳ್ಳಿ' ಅನ್ನುತ್ತೇನೆ. ನಮ್ಮ ಅಪಾರ್ಟ್‌ಮೆಂಟಿನ ಬಾಗಿಲ ಮೇಲೆ ಮಾತ್ರ ಉಳ್ಳಾಗಡ್ಡಿ ಅಂತಲೇ ಇದೆ.

ಮಗಳಿಗೆ ಆಗ ಒಂಬತ್ತು. ಶಾಲೆಯಲ್ಲಿ ಎಲ್ಲರೂ ತಮ್ಮ ಮನೆತನದ ಹೆಸರಿನ ಅರ್ಥ ಹೇಳಬೇಕಿತ್ತು. ಸ್ವೀಡಿಷ್ ಹೆಸರುಗಳೋ, ಕನಸಿನಲ್ಲಿ ಕಟ್ಟಿದಂಥವು. ಒಬ್ಬರದು ಮರದ ಕೊಂಬೆ, ಇನ್ನೊಬ್ಬರದು ಬೆಟ್ಟದ ಹೊಳೆ. ಯಾವ ಕಾಲದಲ್ಲೋ ಯಾರೋ ಮುತ್ತಜ್ಜ ಕಣ್ಣಿಗೆ ಚಂದ ಕಂಡದ್ದನ್ನು ಜೋಡಿಸಿ ಇಟ್ಟುಕೊಂಡದ್ದು. ನಮ್ಮವಳೂ ಎದ್ದು ನಿಂತು "ಲೋಕ್" ಅಂದಳಂತೆ. ಇಲ್ಲಿಯ ಭಾಷೆಯಲ್ಲಿ ಉಳ್ಳಾಗಡ್ಡಿಗೆ ಲೋಕ್. ಆದರೆ ಪೆದ್ದ ಅಂತ ಬೈಯುವುದೂ ಅದೇ ಮಾತಿನಲ್ಲಿ! ತರಗತಿಯೆಲ್ಲ ಹೋ ಅಂತ ನಕ್ಕಿತಂತೆ. ಅವಳಿಗೆ ಅರ್ಥ ಹೇಳಿಕೊಟ್ಟವಳು ನಾನೇ. ನಾನು ಕೆಲಸ ಮಾಡುವ ವಿಶ್ವವಿದ್ಯಾಲಯದಲ್ಲಿ ಸ್ವೀಡಿಷರ ಜೊತೆ ದಿನಾ ಫೀಕಾಕ್ಕೆ, ಅಂದರೆ ಕಾಫಿಯ ಬಿಡುವಿಗೆ, ಕೂತರೆ ಮಕ್ಕಳ ಬೈಗುಳ ಎಲ್ಲಿ ಕಿವಿಗೆ ಬೀಳಬೇಕು?

"ನನಗೆ ಈ ಹೆಸರು ಬೇಡ" ಅಂತ ಸ್ವೀಡಿಷ್‌ನಲ್ಲಿ ಹೇಳುತ್ತ ಬೂಟು ಬಿಚ್ಚುವ ಮೊದಲೇ ಅತ್ತಳು. ಲಿಂಡ್ ಮರದ ಎಲೆ ಅನ್ನುವ ಅರ್ಥದ ಹೆಸರೊಂದನ್ನು ಆರಿಸಿಕೊಂಡೂ ಬಂದಿದ್ದಳು. ನನ್ನ ಗಂಡ ಮೆತ್ತನೆಯ ಮನುಷ್ಯ. "ಇಲ್ಲೆ ಭಾಳ ಮಂದಿ ಬದಲಿ ಮಾಡ್ಕೋತಾರ, ಮಾಡೋಣಲ್ಲ" ಅಂದ. ನನಗೆ ಎಲ್ಲಿತ್ತೋ ಸಿಟ್ಟು. "ಮನೆತನ ಏನ ಹಳೇ ಅಂಗಿ ಅಂತ ತಿಳದೀಯೇನ, ಬಿಚ್ಚಿ ಒಗಿಯಾಕ?" ಅಂದುಬಿಟ್ಟೆ. ಆದರೆ ಮಗಳು ಶಾಲೆಯ ಚೀಲದ ಮೇಲಿನ ಹೆಸರನ್ನು ಉಗುರಿನಿಂದ ಕೆರೆಯುತ್ತಿದ್ದುದು ಕಂಡು ಚೀಲವನ್ನು ಮೆಲ್ಲಗೆ ಅವಳ ಕೈಯಿಂದ ಬಿಡಿಸಿಕೊಂಡೆ. ಊರಲ್ಲಿರುವ ಅತ್ತೆ ಒಪ್ಪಿದರೆ ಬದಲಿಸುವುದು ಅಂತ ಮಾತಾಯಿತು. ಅವರಿಗೆ ಹೇಗೆ ಹೇಳುವುದು ಅನ್ನುವುದೇ ನನ್ನ ಸಂಕಟ.

ಆ ಭಾನುವಾರ ಮಧ್ಯಾಹ್ನವೇ ಕತ್ತಲಾಗುತ್ತಿತ್ತು. ಹೊರಗೆ ಹಿಮ ನೀಲಿಯಾಗಿತ್ತು. ಉಳ್ಳಾಗಡ್ಡಿ ಹೆಚ್ಚುತ್ತ ಕಿಟಕಿಗೆ ನಿಂತಿದ್ದೆ. ಈ ಮನೆತನದ ಮೊದಲಿಗನನ್ನು ನಾನು ಯಾವಾಗಲೂ ದೊಡ್ಡ ಮೀಸೆಯ ವ್ಯಾಪಾರಿ ಅಂತಲೇ ಕಲ್ಪಿಸಿಕೊಂಡಿದ್ದೆ. ಕಣ್ಣು ಉರಿದು ನೀರು ತುಂಬಿದಾಗ ಅವನ ಚಕ್ಕಡಿಗಳು ಎದುರಿನ ಬರ್ಚ್ ಮರಗಳ ನಡುವೆ ಸಾಲಾಗಿ ಬಂದವು. ಎತ್ತುಗಳ ಬೆನ್ನ ಮೇಲೆ ಹಿಮ ಬಿದ್ದಿತ್ತು, ಗೆಜ್ಜೆಗೆ ಸದ್ದೇ ಇರಲಿಲ್ಲ. ಎಷ್ಟೋ ಹೊತ್ತು ನೋಡುತ್ತ ನಿಂತಿದ್ದೆನಂತೆ. ಗಂಡ ಬಂದು ಅತ್ತೆಯ ವಿಡಿಯೊ ಕಾಲ್ ಬಂದಿದೆ ಅಂದ.

ವಿಷಯ ತಿಳಿಸಿದೆ. ಅತ್ತೆಗೆ ಮೊದಲು ತಲೆಬುಡ ತಿಳಿಯಲಿಲ್ಲ. "ಲೋಕ ಅಂದ್ರ ಬೈಗಳೇನ? ಇಡೀ ಲೋಕನ ಅಂದ್ರ ಛಲೋನ ಆತಲ್ಲ!" ನಾವು ನಕ್ಕೆವು, ಮಗಳು ನಗಲಿಲ್ಲ. ಆಗ ಅತ್ತೆ ಫೋನಿನ ಹತ್ತಿರ ಬಂದು ಅವಳ ಮುಖ ನೋಡಿದರು.

"ಬದಲಿ ಮಾಡ್ರಿ" ಅಂದರು. "ನಮ್ಮತ್ತಿಗೂ ಬ್ಯಾಡಾಗಿತ್ತದು."

ಅವರ ಅತ್ತೆ, ಅಂದರೆ ನನ್ನ ಮಾವನ ತಾಯಿ, ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡಾಕೆ. ಸಂತೆಯಲ್ಲಿ ಬುಟ್ಟಿ ಇಟ್ಟುಕೊಂಡು ಉಳ್ಳಾಗಡ್ಡಿ ಮಾರಿ ಮಗನನ್ನು ಬೆಳೆಸಿದರಂತೆ. ಮಗನನ್ನು ಶಾಲೆಗೆ ಹಾಕಲು ಹೋದಾಗ ಮಾಸ್ತರರು ಅಡ್ಡಹೆಸರು ಕೇಳಿದರು. ಆಕೆ ಬಾಯಿ ತೆರೆಯುವಷ್ಟರಲ್ಲಿ ಅಲ್ಲಿದ್ದ ಹುಡುಗರು, "ಉಳ್ಳಾಗಡ್ಡಿ ಮಾರಾಕಿ ಮಗರೀ ಸರ" ಅಂತ ಕೂಗಿದರು. ಮಾಸ್ತರರು ಅದನ್ನೇ ಬರೆದುಕೊಂಡರು. ಹಳೆಯ ಅಡ್ಡಹೆಸರು ಅಲ್ಲಿಗೇ ಹೋಯಿತು. "ಮನಿಗೆ ಬಂದು ಭಾಳ ಅತ್ಲಂತ" ಅಂದರು ಅತ್ತೆ.

ನನ್ನ ಮೀಸೆಯ ವ್ಯಾಪಾರಿ ಎಲ್ಲಿ ಹೋದನೋ. ಆ ಬರ್ಚ್ ಮರಗಳ ಕೆಳಗೆ ಈಗ ಒಬ್ಬ ಹೆಂಗಸು ಬುಟ್ಟಿ ಇಟ್ಟು ಕೂತಿದ್ದಳು.

ಮಗಳು ಸ್ವೀಡಿಷ್‌ನಲ್ಲಿ ಏನೋ ಕೇಳಿದಳು. ಅತ್ತೆಗೆ ನಾನು ಹೇಳಿದೆ: "ಆಕಿ ಹೆಸರೇನು ಅಂತ ಕೇಳ್ತಾಳ್ರಿ."

"ಎಲ್ಲಾರೂ ಉಳ್ಳಾಗಡ್ಡಿ ಆಯಿ ಅಂತಿದ್ರು."

"ಅದಲ್ಲರೀ, ಖರೇ ಹೆಸರು."

ಅತ್ತೆ ತಲೆ ಅಲ್ಲಾಡಿಸಿದರು. "ಅತ್ತಿ ಹೆಸರು ಸೊಸಿ ಹೇಳತಾಳೇನವ್ವಾ? ನಾ ಕೇಳಲೇ ಇಲ್ಲ." ನನ್ನ ಗಂಡನ ಕಡೆ ನೋಡಿದೆ. ಅವನಿಗೂ ಗೊತ್ತಿರಲಿಲ್ಲ. ಗೊತ್ತಿದ್ದ ಮಾವ ತೀರಿಕೊಂಡಿದ್ದಾರೆ. "ಆಕಿ ಕೈಯಾಗಿನ ರೊಟ್ಟಿ ತಿಂದಾಕಿ ನಾನು, ಹೆಸರು ಗೊತ್ತಿಲ್ಲ ನೋಡ ನನಗ" ಅಂತ ಅತ್ತೆ ಸೆರಗು ಕಣ್ಣಿಗೆ ಒತ್ತಿಕೊಂಡರು. ಇಲ್ಲಿ ನನಗೂ ತಡೆಯಲಾಗಲಿಲ್ಲ.

ಮರುದಿನ ಶಾಲೆಯಲ್ಲಿ ಮಗಳನ್ನು ಮತ್ತೆ ಲೋಕ್ ಅಂದರು. ಅಳುತ್ತಲೇ ಬಂದಳು. ನನ್ನ ಹಟವೆಲ್ಲ ಇಳಿದುಹೋಗಿತ್ತು. ತೊಡೆಯ ಮೇಲೆ ಕೂರಿಸಿಕೊಂಡು, "ನಡಿ, ಬದಲಿ ಮಾಡೋಣು, ನಿಮ್ಮಜ್ಜಿನೂ ಹ್ಞೂಂ ಅಂದಾಳ" ಅಂದೆ.

ಮನೆಯಲ್ಲೂ ಸ್ವೀಡಿಷ್‌ನಲ್ಲೇ ಉತ್ತರ ಕೊಡುವ ಹುಡುಗಿ, ಮೂಗು ಒರೆಸಿಕೊಂಡು ಕನ್ನಡದಲ್ಲಿ ಅಂದಳು: "ಬ್ಯಾಡ. ಆ ಆಯೀದು ಇದೊಂದ ಹೆಸರ ಐತಿ."