ತುಂಬಿದ ಪಾತ್ರೆ ಮತ್ತು ವಿಕ್ರೋಳಿಯ ಹಳೇ ಸೈಕಲ್

ಜೋಗೇಶ್ವರಿಯ ಆಟೋದವರಿಗೆ ನನ್ನ ಮುಖ ನೆನಪಿರಲಿಕ್ಕಿಲ್ಲ. ನನ್ನ ಸಾಂಬಾರಿನ ಪಾತ್ರೆ ಮಾತ್ರ ಚೆನ್ನಾಗಿ ನೆನಪಿದೆ. ದೂರದಿಂದ ಅದರ ಹೊಳಪು ಕಂಡರೆ ಸಾಕು, ನಿಲ್ಲಿಸಲು ಬಂದವರೂ ಏನೋ ತುರ್ತು ಕೆಲಸ ನೆನಪಾದವರಂತೆ ಮುಂದೆ ಹೋಗಿಬಿಡುತ್ತಾರೆ. ಅವರನ್ನು ದೂರುವ ಹಾಗೂ ಇಲ್ಲ. ತುಂಬಿದ ಕೊಡ ತುಳುಕುವುದಿಲ್ಲ ಎಂದು ಗಾದೆ ಕಟ್ಟಿದ ಮಹಾನುಭಾವರು ಮುಂಬಯಿಯ ಆಟೋದಲ್ಲಿ ಕೊಡ ಹಿಡಿದು ಕುಳಿತವರಲ್ಲ. ನಾನು ಇಳಿದ ಮೇಲೆ ಅದೇ ಸೀಟಿನಲ್ಲಿ ಇಂಗಿನ ಪರಿಮಳ ಸವಿಯುತ್ತ ಪ್ರಯಾಣ ಮಾಡಿದ ಅಪರಿಚಿತರೆಲ್ಲ ನನಗೆ ಏನೇನು ಹರಸಿದರೋ ದೇವರಿಗೇ ಗೊತ್ತು.

ವಿಷಯ ಇಷ್ಟೆ. ಅಂಧೇರಿಯ ಒಂದು ಆಫೀಸಿಗೆ ಬೆಳಗ್ಗಿನ ಇಡ್ಲಿ, ವಡೆ, ಸಾಂಬಾರು ಹೋಗುವುದು ನನ್ನ ಅಡುಗೆಮನೆಯಿಂದ. ಉಡುಪಿ ಕಡೆಯ ನಮ್ಮವರು ಈ ಊರಲ್ಲಿ ಹೋಟೆಲುಗಳನ್ನೇ ಕಟ್ಟಿದ್ದಾರೆ. ನನ್ನ ಯಜಮಾನರು ಅಂಥದ್ದೊಂದರಲ್ಲಿ ಬಡಿಸುತ್ತ ಬಡಿಸುತ್ತಲೇ ನಿವೃತ್ತರಾದವರು. ಆದರೆ ನನ್ನದೇ ಕೈರುಚಿಗೆ ಒಲಿದು ಬಂದ ಗಿರಾಕಿ ಇದೊಂದೇ. ಹೀಗಿರುವಾಗ ಹೋದ ತಿಂಗಳು ಅರ್ಧ ಪಾತ್ರೆ ಸಾಂಬಾರು ಹೆದ್ದಾರಿಯ ಗುಂಡಿಗಳ ಪಾಲಾಯಿತು. ಆಫೀಸಿನ ಹುಡುಗಿ ಬೈಯಲಿಲ್ಲ. "ಆಂಟಿ, ಟೇಸ್ಟ್ ತೋ ಬಢಿಯಾ ಹೈ," ಎಂದು ಹೊಗಳಿ, ಇನ್ನೊಮ್ಮೆ ಹೀಗಾದರೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದು ಮೆಲ್ಲಗೆ ಹೇಳಿದಳು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

"ನಾಳೆಯಿಂದ ಚಟ್ನಿ ಮಾತ್ರ ಕಳ್ಸು ಮಾರಾಯ್ತಿ, ಅದು ಚೆಲ್ಲುದಿಲ್ಲ," ಎಂದರು ಯಜಮಾನರು. ಜೀವಮಾನವೆಲ್ಲ ಹೋಟೆಲಿನಲ್ಲಿ ಕಳೆದವರ ಬಾಯಲ್ಲಿ ಬರುವ ಮಾತೇ ಇದು? ಸಂಜೆಯವರೆಗೆ ನಾನು ಅವರೊಂದಿಗೆ ಮಾತಾಡಲಿಲ್ಲ.

ಮಾತಾಡದೆ ಕುಳಿತಾಗಲೇ ಮೊಬೈಲಿನಲ್ಲಿ ಅದು ಕಣ್ಣಿಗೆ ಬಿತ್ತು: ಕರೆಂಟಿನಲ್ಲಿ ಓಡುವ ಸೈಕಲ್, ಮುಂದುಗಡೆ ತೊಟ್ಟಿಲಿನಷ್ಟು ದೊಡ್ಡ ಪೆಟ್ಟಿಗೆ. ಬೇಕಾದರೆ ಪೆಡಲ್ ತುಳಿಯಬಹುದು, ಬೇಡವಾದರೆ ಮೋಟಾರು ದೂಡುತ್ತದೆ, ಲೈಸೆನ್ಸಿನ ತಕರಾರಿಲ್ಲ. ವಿಕ್ರೋಳಿಯ ಸಣ್ಣ ಕಂಪನಿಯೊಂದು ತಾನೇ ಬಾಡಿಗೆಗೆ ಓಡಿಸಿದ ಹಳೇ ಗಾಡಿಗಳನ್ನು ಮಾರುತ್ತಿತ್ತು. ಯಾಕೆ ಮಾರುತ್ತಿದ್ದಾರೆಂದರೆ ಕಂಪನಿಯ ಉಸಿರೇ ಮೇಲೆ ಕೆಳಗೆ ಆಗುತ್ತಿತ್ತು. ನನಗೆ ಗಾಡಿ ಕಂಡಿತು, ಯಜಮಾನರಿಗೆ ಉಸಿರು ಕಂಡಿತು. "ನಾಳೆ ಕಂಪನಿಯೇ ಬಾಗಿಲು ಹಾಕಿದ್ರೆ ಬ್ರೇಕು ಯಾರ ಹತ್ರ ರಿಪೇರಿ ಮಾಡಿಸ್ತೀ? ಅಲ್ಲ, ಈ ಪ್ರಾಯದಲ್ಲಿ ನೀನು ಅದನ್ನು ಬಿಡ್ತೀಯಾ?" ಎಂದು ಕೇಳಿ, ಹೊಟ್ಟೆ ಹಿಡಿದುಕೊಂಡು ನಕ್ಕರು.

ಆ ನಗು ಕೇಳಿ ನನಗೆ ನೆನಪಾದದ್ದು ಗಣಪತಿ. ಯೋಚಿಸಿ ನೋಡಿ, ಜಗತ್ತಿನಲ್ಲಿ ಮೊದಲು ಸರಕು ಸಾಗಿಸಿದ ವಾಹನ ಇಲಿಯೇ ಇರಬೇಕು. ಸವಾರನ ತೂಕ ಅಷ್ಟು, ಹೊಟ್ಟೆಯೊಳಗಿನ ಕಡುಬಿನ ತೂಕ ಇಷ್ಟು. ಒಮ್ಮೆ ಎಡವಿತು, ಕಡುಬು ಚೆಲ್ಲಿತು, ಆಕಾಶದಲ್ಲಿ ಚಂದ್ರ ನಕ್ಕ. ಆದರೆ ಗಣಪತಿ ಇಲಿಯನ್ನು ಬಿಟ್ಟು ಆಟೋ ಹಿಡಿಯಲಿಲ್ಲ. ಹೊಟ್ಟೆಗೆ ಹಾವು ಬಿಗಿದುಕೊಂಡು ಮತ್ತೆ ಅದನ್ನೇ ಹತ್ತಿದ. ಲೋಕಕ್ಕೆ ಚಂದ್ರನಿಗೆ ಸಿಕ್ಕಿದ ಶಾಪ ಮಾತ್ರ ನೆನಪಿದೆ, ಇಲಿಯ ನಿಯತ್ತು ಯಾರಿಗೂ ನೆನಪಿಲ್ಲ.

ಶನಿವಾರ ವಿಕ್ರೋಳಿಗೆ ಹೊರಟೆವು. ಗಾಡಿ ನೋಡಲು ಹೋಗುವವರು ಸಾಧಾರಣವಾಗಿ ಗಾಡಿ ಬಲ್ಲವರನ್ನು ಕರೆದುಕೊಂಡು ಹೋಗುತ್ತಾರೆ. ನಾನು ಸಾಂಬಾರು ತೆಗೆದುಕೊಂಡು ಹೋದೆ. ಕಂಠಮಟ್ಟ ತುಂಬಿಸಿ, ಬಾಯಿಗೆ ಬಟ್ಟೆ ಕಟ್ಟಿ, ಯಜಮಾನರ ತೊಡೆಯ ಮೇಲೆ ಇಟ್ಟೆ. ದಾರಿಯುದ್ದಕ್ಕೂ ಅವರು ಅದನ್ನು ಮೊಮ್ಮಗುವಿನಂತೆ ಅಪ್ಪಿಕೊಂಡು, ನನ್ನನ್ನು ದುರುಗುಟ್ಟಿ ನೋಡುತ್ತ ಬಂದರು.

ಫ್ಯಾಕ್ಟರಿಯಲ್ಲಿ ಅರ್ಧಕ್ಕರ್ಧ ದೀಪ ಆರಿಸಿದ್ದರು. ನಮ್ಮ ಕನ್ನಡ ಕಿವಿಗೆ ಬಿದ್ದು ಒಬ್ಬರು ಎದ್ದು ಬಂದರು; ವಿಜಯಪುರ ಕಡೆಯ ದಸ್ತಗೀರ್ ಭಾಯಿ. "ಬರ್ರಿ ಅಕ್ಕಾರ. ಮೊದ್ಲ ಇಲ್ಲಿ ಭಾಳ ಮಂದಿ ಇದ್ರು. ಈಗ ಮಾರಾವನೂ ನಾನ, ರಿಪೇರಿ ಮಾಡಾವನೂ ನಾನ," ಎಂದು ನಕ್ಕರು. ಗಾಡಿಯನ್ನು ಅಂಗಳಕ್ಕೆ ತಂದು, ಭಾರ ಹೊರುವ ಪರೀಕ್ಷೆಗೆ ಪೆಟ್ಟಿಗೆಯಲ್ಲಿ ಉಸುಕಿನ ಚೀಲ ಇಡುತ್ತೇವೆ ಎಂದರು. ಉಸುಕು ಯಾವತ್ತು ಚೆಲ್ಲಿದೆ? ನಾನು ಪಾತ್ರೆ ಇಟ್ಟು, ಕಟ್ಟಿದ್ದ ಬಟ್ಟೆ ಬಿಚ್ಚಿ, ಮುಚ್ಚಳವನ್ನೂ ತೆಗೆದುಬಿಟ್ಟೆ. ದಸ್ತಗೀರ್ ಭಾಯಿ ಒಮ್ಮೆ ಪಾತ್ರೆ ನೋಡಿದರು, ಒಮ್ಮೆ ಯಜಮಾನರನ್ನು ನೋಡಿದರು. ಯಜಮಾನರು ಆಕಾಶ ನೋಡಿದರು.

ಚಿಕ್ಕಂದಿನಲ್ಲಿ ಒಳಪೆಡಲು ತುಳಿದು ಸೈಕಲ್ ಕಲಿತವಳು ನಾನು, ಆಮೇಲೆ ಮುಟ್ಟಿದ್ದಿಲ್ಲ. ಮೊದಲ ತಿರುವಿನಲ್ಲಿ ಗಾಡಿ ಓಲಾಡಿತು, ಸಾಂಬಾರು ಪಾತ್ರೆಯ ಅಂಚಿನವರೆಗೆ ಬಂದು ಇಣುಕಿ ಒಳಗೆ ಹೋಯಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ನಾನೂ ಅಂಗಳವನ್ನು ಬೈಯುವವಳಿದ್ದೆ. ಅಷ್ಟರಲ್ಲಿ ಮೋಟಾರು ಹಿಡಿಯಿತು. ಅಪ್ಪ ಸೀಟು ಹಿಡಿದು ಹಿಂದಿನಿಂದ ಓಡಿಬರುತ್ತಿದ್ದರಲ್ಲ, ಅದೇ ದೂಡುವಿಕೆ! ಎದೆ ತುಂಬಿ ಬಂತು. ಅಂಗಳಕ್ಕೆ ಒಂದು ಸುತ್ತು, ಮತ್ತೊಂದು ಸುತ್ತು, ಬೇಕೆಂದೇ ಗುಂಡಿಯ ಮೇಲೊಂದು ಸುತ್ತು. "ಚೆಲ್ಲಲಿಲ್ಲ! ಹೋಯ್, ನೋಡಿ, ಚೆಲ್ಲಲಿಲ್ಲ!" ಎಂದು ನಾನು ಕೂಗಿದ ಕೂಗಿಗೆ ಒಳಗಿದ್ದ ಉಳಿದ ಕೆಲವರೂ ಹೊರಗೆ ಬಂದರು.

ಕೂಗಿಗೆ ಬಂದವರು ಪರಿಮಳಕ್ಕೆ ನಿಂತರು. ನಮ್ಮ ಕಡೆ ಎದುರಿಗೆ ಯಾರು ಸಿಕ್ಕಿದರೂ ಬಾಯಲ್ಲಿ ಬರುವುದು ಒಂದೇ ಪ್ರಶ್ನೆ. ಅಭ್ಯಾಸಬಲದಿಂದ "ತಿಂಡಿ ಆಯ್ತಾ?" ಎಂದೆ. ಆಯಿತು ಎನ್ನುವುದು ಅದಕ್ಕೆ ವಾಡಿಕೆಯ ಉತ್ತರ. ದಸ್ತಗೀರ್ ಭಾಯಿ ನಿಜ ಹೇಳಿಬಿಟ್ಟರು: "ಎಲ್ಲೀದ್ರಿ ಅಕ್ಕಾರ, ಕ್ಯಾಂಟೀನ್ ಬಂದ್ ಆಗಿ ಭಾಳ ದಿನ ಆತು."

ಯಾರೋ ಓಡಿ ಪಾವ್ ತಂದರು. ನನ್ನ ಸಾಂಬಾರಿಗೆ ಪಾವ್! ನಾನು ಕಣ್ಣು ಮುಚ್ಚಿಕೊಂಡೆ. ಬಿಟ್ಟಾಗ ಕಂಡದ್ದೇನು? ವ್ಯಾಪಾರ ತಪ್ಪಿಸಲೆಂದೇ ಬಂದಿದ್ದ ನನ್ನ ಯಜಮಾನರು ತೋಳು ಮಡಚಿ, ಎಲ್ಲಿಂದಲೋ ಸೌಟು ಸಂಪಾದಿಸಿ, "ಸಾಂಬಾರು? ಸಾಂಬಾರು?" ಎನ್ನುತ್ತ ಸಾಲಿನುದ್ದಕ್ಕೂ ಬಡಿಸುತ್ತಿದ್ದರು. ಖಾಲಿ ತಟ್ಟೆ ಕಂಡರೆ ಅವರ ಕೈ ಇವತ್ತಿಗೂ ಸುಮ್ಮನಿರುವುದಿಲ್ಲ.

"ಕಂಪನಿ ಉಳಿತದೋ ಇಲ್ಲೋ, ನಾ ಸುಳ್ಳು ಹೇಳಂಗಿಲ್ರಿ," ಎಂದರು ದಸ್ತಗೀರ್ ಭಾಯಿ, ಕೈ ತೊಳೆದುಕೊಂಡು. "ಆದ್ರ ನನ್ನ ಮನಿ ಜೋಗೇಶ್ವರಿಯಾಗ ಐತಿ. ಗಾಡಿ ನಿಂತ್ರ ಒಂದು ಫೋನ್ ಹಚ್ರಿ." ನಾನು ಯಜಮಾನರ ಮುಖ ನೋಡಿದೆ. ಅವರು ಪಾತ್ರೆಯಿಂದ ತಲೆ ಎತ್ತದೆಯೇ "ತೆಕ್ಕೊ, ತೆಕ್ಕೊ," ಎಂದರು. ದಸ್ತಗೀರ್ ಭಾಯಿ ಮಗಳನ್ನು ಕಳಿಸಿಕೊಡುವವರ ಹಾಗೆ ಒಂದು ಜೊತೆ ಟ್ಯೂಬು, ಬ್ರೇಕಿನ ತಂತಿ, ಇನ್ನೊಂದು ಚಾರ್ಜರು ಎಲ್ಲ ಪೆಟ್ಟಿಗೆಗೆ ತುಂಬಿದರು.

ಸೋಮವಾರ ಚಕ್ರದಡಿ ನಿಂಬೆಹಣ್ಣು ಇಟ್ಟು ಹೊರಟೆ. ಯಜಮಾನರು, ಏನಾದರೂ ಆದರೆ ಇರಲಿ ಎಂದು, ಆಟೋದಲ್ಲಿ ಹಿಂದಿನಿಂದ ಬಂದರು. ಏನೂ ಆಗಲಿಲ್ಲ. ಆಫೀಸಿನಲ್ಲಿ ಮುಚ್ಚಳ ತೆಗೆದರೆ ಮನೆಯಲ್ಲಿ ಎಷ್ಟಿತ್ತೋ ಅಷ್ಟೇ ಸಾಂಬಾರು, ಮೇಲೆ ಕರಿಬೇವು ಹಾಗೆಯೇ ತೇಲುತ್ತಿತ್ತು. ಆ ಹುಡುಗಿ ಎರಡು ಸಲ ಹಾಕಿಸಿಕೊಂಡಳು; ಮುಂದಿನ ತಿಂಗಳಿಗೂ ನೀವೇ ಎಂದಳು. ನನಗೆ ಅಲ್ಲಿಯೇ ಕುಣಿಯಬೇಕೆನಿಸಿತು.

ಕೆಳಗೆ ಬಂದರೆ ಯಜಮಾನರು, ನನಗಿಂತ ಮೊದಲೇ ಇಳಿಸಿ ತಂದಿದ್ದ ತೊಳೆದ ಪಾತ್ರೆ ಹಿಡಿದು, ಮನೆಗೆ ಹೋಗಲು ರಸ್ತೆಬದಿಯಲ್ಲಿ ಆಟೋಗಳಿಗೆ ಕೈ ಅಡ್ಡ ಹಿಡಿಯುತ್ತಿದ್ದರು. ಒಂದು ಆಟೋ ನಿಧಾನಿಸಿತು, ಪಾತ್ರೆ ಕಂಡಿತು, ಹೋಯಿತು. ಇನ್ನೊಂದೂ ಅಷ್ಟೇ. ನಾನು ಸ್ವಲ್ಪ ಹೊತ್ತು ಸುಮ್ಮನೆ ನೋಡಿ ಆನಂದಪಟ್ಟೆ. ಆಮೇಲೆ ಗಾಡಿಯನ್ನು ಅವರ ಮುಂದೆ ತಂದು ನಿಲ್ಲಿಸಿ, ಪೆಟ್ಟಿಗೆ ತೋರಿಸಿದೆ. ಅತ್ತ ನೋಡಿ, ಇತ್ತ ನೋಡಿ, ಅಂದು ನನ್ನನ್ನು ನೋಡಿ ನಕ್ಕಿದ್ದ ಚಂದ್ರ ಪಾತ್ರೆ ತೊಡೆಯ ಮೇಲಿಟ್ಟುಕೊಂಡು ಒಳಗೆ ಕುಳಿತ.

"ಮೆಲ್ಲ ಹೋಗು ಮಾರಾಯ್ತಿ," ಎಂದರು, ಎರಡೂ ಕೈಯಲ್ಲಿ ಅಂಚು ಹಿಡಿದು.

"ಹೆದರ್ಬೇಡಿ," ಎಂದೆ. "ಸಾಂಬಾರೇ ಚೆಲ್ಲಲಿಲ್ಲ, ಇನ್ನು ನೀವು ಚೆಲ್ಲುದುಂಟಾ?"