ಬಿಡುವುದನ್ನು ಬಲ್ಲ ಅಂಟು

ಬೆಳಗ್ಗೆ ಖಾಲಿ ಜಾಮ್ ಬಾಟಲಿಯ ಚೀಟಿಯನ್ನು ಉಗುರಿನಿಂದ ಕೆರೆಯುತ್ತಿದ್ದಾಗ ಫೋನು ಬಂತು. ಮೇಡಂ ನಿವೃತ್ತರಾಗುತ್ತಿದ್ದಾರೆ, ಅಭಿನಂದನ ಗ್ರಂಥಕ್ಕೆ ನೀವೂ ಬರೆಯಬೇಕು ಎಂದರು ಸಂಪಾದಕರು. ಬಾಟಲಿಯನ್ನು ಬಿಸಿನೀರಿನಲ್ಲಿ ನೆನೆಹಾಕಿ, ಕುಕ್ಕರಿನ ಕೂಗುಗಳ ನಡುವೆ ಬರೆಯುತ್ತಿದ್ದೇನೆ.

ಅಂಟುಗಳ ರಸಾಯನಶಾಸ್ತ್ರದಲ್ಲಿ ನಮ್ಮ ಮೇಡಂ ಅವರ ಸ್ಥಾನ ವಿಶಿಷ್ಟವಾದುದು. ಉಳಿದವರು ಎಂದೆಂದಿಗೂ ಬಿಡದ ಅಂಟನ್ನು ಹುಡುಕುತ್ತಿದ್ದ ಕಾಲದಲ್ಲಿ ಅವರು, ಜೋಳದ ಸಕ್ಕರೆಯನ್ನು ಹುದುಗಿಸಿ ಪಡೆದ ಆಮ್ಲವನ್ನೂ ಹರಳೆಣ್ಣೆಯನ್ನೂ ಕೊಂಡಿಗೆ ಕೊಂಡಿ ಬೆಸೆದು, ಬೇಕಾದಷ್ಟು ಕಾಲ ಹಿಡಿದಿದ್ದು ಆಮೇಲೆ ಮಣ್ಣಿನಲ್ಲಿ ಮಣ್ಣಾಗುವ ಪಾಲಿಯೆಸ್ಟರ್ ಅಂಟಿನ ಕನಸು ಕಂಡವರು.

ನಾನು ವಿದ್ಯಾರ್ಥಿನಿಯಾಗಿ ಸೇರಿದಾಗ, ಪ್ರಯೋಗಾಲಯದ ಗಾಜಿನ ಬುರುಡೆಗಳಲ್ಲಿ ಜೇನಿನ ಬಣ್ಣದ ಅಂಟು ನಿಧಾನವಾಗಿ ತಿರುಗುತ್ತಿತ್ತು. ಮಧ್ಯಾಹ್ನದ ಬಿಸಿಲು ಅದರೊಳಗೆ ಇಳಿದು ಅಲ್ಲೇ ನಿದ್ದೆಹೋದಂತೆ ಕಾಣುತ್ತಿತ್ತು. ಪ್ರತಿ ಹೊಸ ಪಾಕದಿಂದಲೂ ಅವರು ತಮ್ಮ ಹೆಸರಿನ ಕಾಗದವನ್ನೇ ಕೋಣೆಯ ಬಾಗಿಲಿಗೆ ಅಂಟಿಸಿ ನೋಡುತ್ತಿದ್ದರು. ಕೆಲವು ಸಂಜೆಯೊಳಗೇ ಉದುರಿದವು. ಕೆಲವು ಬಾಗಿಲಿನ ಬಣ್ಣವನ್ನೇ ಕಿತ್ತುಕೊಂಡು ಬಂದವು. ಕೊನೆಗೊಮ್ಮೆ, ಮಳೆಗಾಲವಿಡೀ ಜಗ್ಗದೆ ಕುಳಿತಿದ್ದ ಕಾಗದ, ಬಿಸಿನೀರಿನ ಬಟ್ಟೆ ತಾಕಿದೊಡನೆ ಒಂದು ಕಲೆಯನ್ನೂ ಉಳಿಸದೆ ಜಾರಿ ಅವರ ಅಂಗೈಗೆ ಬಂತು.

"ನೋಡ್ರೇ, ನನ್ನ ಹೆಸರು ಬಿತ್ತು" ಎಂದು ಊರಿಗೆಲ್ಲ ಕೇಳುವಂತೆ ನಕ್ಕರು.

ನಾವು ಮರೆಯಲ್ಲಿ ಅವರನ್ನು 'ಅಂಟಮ್ಮ' ಎನ್ನುತ್ತಿದ್ದೆವು. ಅವರಿಗೆ ಗೊತ್ತಿತ್ತು. "ಅಂಟಿಸೋದು ಯಾರಿಗಾದ್ರೂ ಬರುತ್ತೆ ಕಣ್ರೇ. ಬಿಡೋ ಹೊತ್ತಿಗೆ ಬಿಡಬೇಕಲ್ಲ, ಅದಕ್ಕೇ ಈ ಒದ್ದಾಟ. ಬೇಕಾದ್ರೆ ಬಿಟ್ಟಮ್ಮ ಅನ್ನಿ" ಎನ್ನುತ್ತಿದ್ದರು.

ನಾನು ಬಸುರಿಯಾಗಿದ್ದಾಗ, ದ್ರಾವಕಗಳ ಘಾಟು ತಾಗದಿರಲೆಂದು ನನ್ನ ಮೇಜನ್ನು ತಾವೇ ಕಿಟಕಿಯ ಬಳಿಗೆ ಎಳೆದು ತಂದರು. ಹೆರಿಗೆಯ ನಂತರ ನಾನು ಕೆಲಸ ಬಿಟ್ಟಾಗ ಯಾಕೆ ಎನ್ನಲಿಲ್ಲ, ಆ ಮೇಜನ್ನು ಬೇರೆ ಯಾರಿಗೂ ಕೊಡಲೂ ಇಲ್ಲ.

ಒದ್ದೆ ಗಾಜಿಗೆ ಹಿಡಿಯುವ ಅಂಟು ಮಾತ್ರ ಇನ್ನೂ ಅವರ ಕೈಗೆ ಒಲಿದಿಲ್ಲ. ಹೋದ ವಾರ ಮನೆಗೆ ಬಂದವರು, "ಅದನ್ನ ನೀನು ಮುಗಿಸ್ತೀಯಾ? ನನಗಿನ್ನು ಬಾಗಿಲಿಲ್ಲ. ಅಲ್ಲಿ ಯಾರದ್ದಾದ್ರೂ ಹೆಸರು ಇರಬೇಕಲ್ಲ" ಎಂದರು. ನನ್ನ ಕೈ ಹಿಡಿದು ನಿಂತಿದ್ದ ಮಗಳನ್ನು ನೋಡಿದೆ, ಕಾಫಿ ತರುತ್ತೇನೆಂದು ಒಳಗೆ ಹೋದೆ. ಅಂದಿನಿಂದ ಅವಳು ಏನನ್ನೋ ಕೇಳಲು ಬಂದು, ಬಾಯಿ ತೆರೆದು, ಸುಮ್ಮನೆ ಹೋಗುತ್ತಾಳೆ. 'ನನ್ನ ಬಿಟ್ಟು ಹೋಗ್ತೀಯಾ' ಎಂದುಬಿಟ್ಟಾಳೆಂಬ ಭಯಕ್ಕೆ ನಾನೂ ಕೆದಕಿಲ್ಲ.

ನಮ್ಮ ಮೇಡಂ ನೂರ್ಕಾಲ ಬಾಳಲಿ. ಅವರ ಕೈಗೆ ಕೆಲಸವೂ, ಕೆಲಸಕ್ಕೆ ಅವರ ಕೈಯೂ ತಪ್ಪದಿರಲಿ. ನಮ್ಮ ಅಂಟುನಂಟು ಮಾತ್ರ ಯಾವ ಬಿಸಿನೀರಿಗೂ ಬಿಡದಿರಲಿ.

ಇಷ್ಟು ಬರೆದು ತಲೆಯೆತ್ತಿದರೆ, ನೆನೆದರೂ ಬಿಡದ ಆ ಚೀಟಿಯನ್ನು ಮಗಳು ಪುಟ್ಟ ಉಗುರಿನಿಂದ ಕೆರೆಯುತ್ತಿದ್ದಾಳೆ.

"ಅಮ್ಮಾ," ಎಂದಳು, ನನ್ನತ್ತ ನೋಡದೆಯೇ, "ಆ ಬಾಗಿಲಿಗೆ ನಿನ್ನ ಹೆಸರು ನಾನು ಅಂಟಿಸ್ಲಾ?"