ನಾನು ಡೆತ್ ಮೆಟಲ್ ಕವಿಯಾದದ್ದು

ಒಂದು ವಿಷಯ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮೂವತ್ತು ವರ್ಷ ಕವಿತೆ ಬರೆದೂ ದೆಹಲಿ ಕನ್ನಡಿಗರ ಸ್ಮರಣ ಸಂಚಿಕೆಗಳ ಆಚೆಗೆ ನಾನು ಕಾಲಿಟ್ಟಿರಲಿಲ್ಲ. ಅದೂ ಜಾಹೀರಾತು ಸಿಗದೆ ಖಾಲಿ ಉಳಿದ ಪುಟಗಳಲ್ಲಿ. ಈಗ ಯಾರ್ಯಾರೋ ಇಯರ್‌ಫೋನ್ ಸಿಕ್ಕಿಸಿಕೊಂಡು ನನ್ನ ಸಾಲುಗಳನ್ನು ಕೇಳುತ್ತಾರೆ. ಒಂದಕ್ಷರವೂ ಅವರಿಗೆ ತಿಳಿಯುವುದಿಲ್ಲ, ಅಷ್ಟೆ.

ಇದಕ್ಕೆಲ್ಲ ಕಾರಣ ನನ್ನ ಅಕ್ಕನ ಮಗಳು ಮೇಘನಾ. ಹುಟ್ಟಿ ಬೆಳೆದದ್ದು ದೆಹಲಿಯ ಜನಕಪುರಿಯಲ್ಲಿ, ಈಗ ಗ್ರೇಟರ್ ನೋಯ್ಡಾದ ಕಾಲೇಜೊಂದರಲ್ಲಿ ಗಣಿತ ಕಲಿಸುತ್ತಾಳೆ. ಅಕ್ಕ ಅವಳಿಗೆ ಹತ್ತು ವರ್ಷ ಕರ್ನಾಟಕ ಸಂಗೀತದ ಪಾಠ ಹೇಳಿಸಿದ್ದಳು. ಹುಡುಗಿ ಅದನ್ನು ಬಿಟ್ಟು, ಮೂವರು ಗೆಳೆಯರೊಂದಿಗೆ ಮೆಲೋಡಿಕ್ ಡೆತ್ ಮೆಟಲ್ ಹಿಡಿದಳು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಗಿಟಾರು ಮಧುರವಾಗಿ ನುಡಿಯುತ್ತಿರುತ್ತದೆ, ಡ್ರಮ್ಮು ರೈಲಿನಂತೆ ಓಡುತ್ತಿರುತ್ತದೆ, ಹಾಡುವವರು ಮಾತ್ರ ಗಂಟಲಿನ ಆಳದಿಂದ ಗುಡುಗುತ್ತಾರೆ. ಮೊದಲ ಸಲ ಕೇಳಿದ ಅಕ್ಕ, "ಇದಕ್ಕಾ ನಾನು ಪಾಠ ಹೇಳಿಸಿದ್ದು?" ಎಂದಳು. ಆಮೇಲೆ ಐದು ವರ್ಷ ಮಗಳ ಹಾಡು ಕೇಳಲಿಲ್ಲ. ಊಟ, ಚಳಿ, ಮೆಟ್ರೋ ಎಲ್ಲದರ ಬಗ್ಗೆಯೂ ಇಬ್ಬರೂ ಮಾತಾಡುತ್ತಿದ್ದರು. ಸಂಗೀತದ ಮಾತು ಬಂತೆಂದರೆ ಒಬ್ಬಳು ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು.

ಒಂದು ದಿನ ಮೇಘನಾ ನನ್ನ ಮನೆಗೆ ಬಂದಳು. "ಮಾಮಾ, ಆಲ್ಬಮ್ ಮಾಡ್ತಿದೀವಿ. ಲಿರಿಕ್ಸ್ ಕನ್ನಡದಲ್ಲಿ ಬೇಕು. ಎಷ್ಟೊಂದು ಒತ್ತಕ್ಷರ ಇದೆ ಅದ್ರಲ್ಲಿ, ಗಂಟಲಿಗೆ ಮಸ್ತ್ ಕೂರುತ್ತೆ."

ಕನ್ನಡದ ಹಿರಿಮೆಯನ್ನು ಈ ದಿಕ್ಕಿನಿಂದ ಯಾರೂ ಹೊಗಳಿದ್ದು ನಾನು ಕೇಳಿರಲಿಲ್ಲ. ವಾರವಿಡೀ ಕೂತು, ಭಾಮಿನಿ ಷಟ್ಪದಿಯಲ್ಲಿ, ಆದಿಪ್ರಾಸ ತಪ್ಪದಂತೆ ಹುಣ್ಣಿಮೆಯ ಬಗ್ಗೆ ಬರೆದೆ. ಅವಳಿಗೆ ಕನ್ನಡ ಓದಲು ಬಾರದು. ಫೋನಿನಲ್ಲಿ ಓದಿ ಹೇಳಿದೆ.

"ತುಂಬಾ ಸ್ವೀಟ್ ಆಗಿದೆ ಮಾಮಾ. ಲೇಕಿನ್ ಸ್ವಲ್ಪ ಸಾವು ಹಾಕಿ."

ಸಾವನ್ನು ಎಲ್ಲಿಂದ ತರಲಿ? ನಾನು ಕೆಲಸ ಮಾಡುವ ಸಚಿವಾಲಯದಲ್ಲಿ ಫೈಲುಗಳು ಸಾಯುವುದನ್ನು ಬಲ್ಲೆ, ಅದರಲ್ಲಿ ರಸವಿಲ್ಲ. ಕೊನೆಗೆ ನೆನಪಾದದ್ದು ನಮ್ಮ ಬ್ಲಾಕಿನ ಬೇವಿನ ಮರ. ಕಾರು ನಿಲ್ಲಿಸಲು ಜಾಗ ಬೇಕೆಂದು ಅದನ್ನು ಕಡಿದ ದಿನ ನಾನು ರಜೆ ಹಾಕಿ, ಕಿಟಕಿಯ ಪರದೆ ಎಳೆದು ಮಲಗಿಬಿಟ್ಟಿದ್ದೆ. ಮರ ಸತ್ತಿದ್ದಕ್ಕೆ ರಜೆ ಕೊಡುವ ನಿಯಮವಿಲ್ಲದ್ದರಿಂದ ಅರ್ಜಿಯಲ್ಲಿ ಹೊಟ್ಟೆನೋವು ಎಂದು ಬರೆದಿದ್ದೆ. ಆ ಮರದ ಮೇಲೆ ಐದು ಹಾಡು ಬಂದವು. ಷಟ್ಪದಿ ಮುರಿದುಬಿತ್ತು, ಪ್ರಾಸ ಓಡಿಹೋಯಿತು, ಬರೆಯುತ್ತ ಕಣ್ಣು ಒದ್ದೆಯಾಯಿತು. ಓದಿ ಹೇಳಿದಾಗ ಮೇಘನಾ ಇನ್ನೊಮ್ಮೆ ಓದಿಸಿಕೊಂಡಳು. ಆಮೇಲೆ, "ಇದೇ ಬೇಕಾಗಿತ್ತು" ಎಂದಳು.

ಧ್ವನಿಮುದ್ರಣ ನಡೆದದ್ದು ಅವಳ ಫ್ಲ್ಯಾಟಿನಲ್ಲೇ, ಸದ್ದು ಆಚೆ ಹೋಗದಿರಲೆಂದು ಸುತ್ತಲೂ ಚಳಿಗಾಲದ ರಜಾಯಿಗಳನ್ನು ತೂಗುಹಾಕಿ. ಮೂರನೆಯ ಹಾಡಿನ ಹೊತ್ತಿಗೆ ಪಕ್ಕದ ಮನೆಯ ಆಂಟಿ ಓಂಕಾಳಿನ ಕಷಾಯ ಹಿಡಿದು ಬಾಗಿಲಿಗೆ ಬಂದರು. "ಬೇಟಾ, ತಬಿಯತ್ ಠೀಕ್ ಹೈ?" ಮೇಘನಾ ಅಲ್ಲೇ ನಿಂತು ಕುಡಿದಳು. ಗಂಟಲಿಗೆ ಹಿತವಾಯಿತಂತೆ.

'ಬೇರು' ಎಂಬ ಹೆಸರಿನಲ್ಲಿ ಆಲ್ಬಮ್ ಇಂಟರ್ನೆಟ್ಟಿಗೆ ಹೋಯಿತು. ಜಗತ್ತು ತನ್ನ ಪಾಡಿಗೆ ತಾನು ತಿರುಗುತ್ತಲೇ ಇತ್ತು. ಓಲ್ಡ್ ರಾಜಿಂದರ್ ನಗರದಲ್ಲಿ ಐಎಎಸ್‌ಗೆ ಓದುತ್ತಿರುವ ರಾಯಚೂರಿನ ಹುಡುಗಿಯೊಬ್ಬಳು ಮಾತ್ರ ಬರೆದಳು: ದಿನಾ ಬೆಳಿಗ್ಗೆ ಇದನ್ನು ಹಾಕಿಕೊಂಡೇ ಏಳುತ್ತೇನೆ, 'ಬೇರು' ಎಂಬ ಪದವೊಂದೇ ಅರ್ಥವಾಯಿತು, ಉಳಿದ ಸಾಲುಗಳನ್ನು ದಯವಿಟ್ಟು ಬರೆದು ಕಳಿಸಿಕೊಡಿ. ನಾನು ಹಿಗ್ಗಿ ಎಲ್ಲವನ್ನೂ ಟೈಪು ಮಾಡಿ ಕಳಿಸಿದೆ. ಒಂದು ಪ್ರತಿಯನ್ನು ಅಕ್ಕನ ಮನೆಯ ಟೀಪಾಯಿಯ ಮೇಲೆ, ಮರೆತವನಂತೆ, ಬಿಟ್ಟು ಬಂದೆ.

ಹದಿನೈದು ದಿನ ಸುದ್ದಿಯಿಲ್ಲ. ಭಾನುವಾರ ಎಲ್ಲರೂ ಊಟಕ್ಕೆ ಸೇರಿದ್ದಾಗ ಅಕ್ಕ ಕನ್ನಡಕ ಏರಿಸಿಕೊಂಡು ಆ ಹಾಳೆಗಳನ್ನು ತಂದಳು. ಅಂಚಿನ ತುಂಬ ಪೆನ್ಸಿಲ್ ಗುರುತುಗಳು.

"ಎರಡನೇ ಹಾಡು, ನಾಲ್ಕನೇ ಸಾಲು. ನಿಮ್ಮ ಮಾಮ 'ನೆಲದೊಳಗೆ' ಅಂತ ಬರ್ದಿದಾನೆ. ನೀನು 'ನೆಲದೊಲಗೆ' ಅಂತ ಕಿರುಚಿದೀಯ. ಕಿರುಚೋದಾದ್ರೆ ಸರಿಯಾಗಿ ಕಿರುಚು."

ಮೇಘನಾ ತುತ್ತು ಕೈಯಲ್ಲೇ ಹಿಡಿದು ಅಮ್ಮನನ್ನು ನೋಡಿದಳು. ಆ ಗದ್ದಲದಲ್ಲಿ ಒಂದು ಳಕಾರದ ತಪ್ಪು ಹಿಡಿಯಬೇಕಾದರೆ ಎಷ್ಟು ಸಲ ಕೇಳಿರಬೇಕು!

"ಅಮ್ಮಾ, ನೀನು ಕೇಳಿದ್ಯಾ? ಸಚ್ಚಿ?"

"ನಾಲಿಗೆ ಮೇಲಕ್ಕೆ ಮಡಿಚು. ಈಗ ಹೇಳು."

ಅರ್ಧ ಗಂಟೆ ಊಟದ ಮೇಜಿನಲ್ಲೇ ಪಾಠ ನಡೆಯಿತು. ಅಕ್ಕ ಹೇಳುವುದು, ಮಗಳು ಗುಡುಗುವುದು. ಸಾರು ಆರಿತು, ಹಪ್ಪಳ ಮೆತ್ತಗಾಯಿತು. ಒಬ್ಬರ ತಪ್ಪು ತಿದ್ದಬೇಕೆಂದರೂ ಮೊದಲು ಕಿವಿಗೊಡಬೇಕಲ್ಲ. ಐದು ವರ್ಷದ ಮುನಿಸು ಅಲ್ಲಿಗೇ ಸೋತಿತ್ತು. ಕವಿಯ ಕಡೆಗೆ ಯಾರೂ ತಿರುಗಿ ನೋಡಲಿಲ್ಲ. ನಾನು ಸದ್ದಿಲ್ಲದೆ ಎರಡನೆಯ ಸಲ ಪಾಯಸ ಬಡಿಸಿಕೊಂಡೆ.